ಹಸಿರು ಚುಕ್ಕೆ ನನ್ನದೇ

ಅಡುಗೆಮನೆಯ ಮೇಜು,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಮೊಣಕಾಲಿನ ಸುದ್ದಿ ಹೇಳು. ಮಗಳ ಮನೆಯ ಮೆಟ್ಟಿಲು ಹತ್ತಿಳಿದು ಮತ್ತೆ ಊದಿಕೊಂಡಿದೆಯೋ, ಇಲ್ಲ ಮೊಮ್ಮಗಳ ಮುಖ ನೋಡಿ ನೋವೇ ಮರೆತುಹೋಗಿದೆಯೋ? ಕೂಸು ಹಗಲೆಲ್ಲ ಮಲಗಿ ರಾತ್ರಿ ಎಲ್ಲರನ್ನೂ ಕುಣಿಸುತ್ತದೆ ಎಂದು ಭಾವ ಹೇಳಿದರು. ಹೆದರಬೇಡ. ತಾವು ನಿದ್ದೆ ಮಾಡಿ ಬೇರೆಯವರನ್ನು ಎಚ್ಚರವಿಡುವವರು ಮುಂದೆ ದೊಡ್ಡ ಹುದ್ದೆಗೆ ಹೋಗುತ್ತಾರೆ; ಕಾರ್ಖಾನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಇಲ್ಲಿ ನನ್ನವಳು ಚೆನ್ನಾಗಿದ್ದಾಳೆ, ನಾನೂ ನಡೆದಾಡಿಕೊಂಡಿದ್ದೇನೆ. ನಿನ್ನ ಮಗ ಹೊಟ್ಟೆತುಂಬ ಉಂಡು, ನಮ್ಮ ಮ್ಯಾನೇಜರ್ ಸಾಹೇಬರ ಜೊತೆ ಶಟಲ್ ಆಡಲು ಹೋಗಿದ್ದಾನೆ. ಫೋನ್ ಇರುವಾಗ ಇವನೇಕೆ ಕಾಗದ ಬರೆಯಲು ಕೂತ ಎಂದುಕೊಳ್ಳುತ್ತೀಯ. ನಿನಗೆ ಕೇಳಿಸಬೇಕಾದರೆ ನಾನು ಕೂಗಬೇಕು. ನಾನು ಕೂಗಿದರೆ ಅಕ್ಕಪಕ್ಕದವರ ಬಾಯಿಂದ, ನಮ್ಮ ಮನೆಯಲ್ಲೇ ಇರುವ ನಿನ್ನ ಮಗನಿಗೂ ಮುಟ್ಟುತ್ತದೆ. ಹೇಳಬೇಕಾದದ್ದು ಅವನ ವಿಷಯವೇ. ಓದಿ ಹರಿದುಹಾಕು. ಭಾವನಿಗೆ ತೋರಿಸಲೇಬೇಕು ಅನಿಸಿದರೆ ಅವರ ಊಟ ಮುಗಿದ ಮೇಲೆ ತೋರಿಸು.

ನಮ್ಮ ತಪಾಸಣೆಯ ಮೇಜು ನಿನಗೆ ನೆನಪಿರಬೇಕು. ಒಮ್ಮೆ ಬಂದು ನೋಡಿ, “ಬಿ.ಎ. ಮಾಡಿ ಇಷ್ಟೇನೋ ನಿನ್ನ ಕೆಲಸ, ಕಪ್ಪು ಬಡಿಯೋದು?” ಎಂದು ಸೆರಗು ಬಾಯಿಗೆ ಹಿಡಿದು ನಕ್ಕಿದ್ದೆ. ಇಷ್ಟೇ ಅಕ್ಕಾ. ಭಟ್ಟಿಯಿಂದ ಬಂದ ಪಿಂಗಾಣಿ ಕಪ್ಪನ್ನು ಎಡಗೈಯಲ್ಲಿ ಎತ್ತುವುದು, ಬಲಗೈಯ ಮರದ ಕಡ್ಡಿಯಿಂದ ಅಂಚಿಗೆ ತಟ್ಟುವುದು. ಟಿಣ್ ಎಂದರೆ ಗಟ್ಟಿ, ಟೊಕ್ ಎಂದರೆ ಎಲ್ಲೋ ಒಳಬಿರುಕು. ಗಟ್ಟಿಯಾದವು ಪೆಟ್ಟಿಗೆಗೆ, ಪೆಟ್ಟಿಗೆಯ ಮೇಲೆ ತಟ್ಟಿದವನ ಬಣ್ಣದ ಗುಂಡು ಸ್ಟಿಕ್ಕರು. ಅದನ್ನು ನಾವು ಚುಕ್ಕೆ ಎನ್ನುತ್ತೇವೆ. ನನ್ನದು ಹಸಿರು, ನನ್ನ ಪಕ್ಕದಲ್ಲಿ ಕೂರುವ ಗುಸುಗುಸುವಿನದು ನೀಲಿ (ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತು), ನಿನ್ನ ಮಗನದು ಹಳದಿ. ಇಷ್ಟು ವರ್ಷ ನನ್ನ ಹಸಿರು ಚುಕ್ಕೆಯ ಪೆಟ್ಟಿಗೆ ಒಂದೂ ವಾಪಸು ಬಂದಿರಲಿಲ್ಲ. ಜಂಬ ಎಂದುಕೊಂಡರೆ ಎಂದುಕೋ, ಇರುವುದೊಂದೇ ಜಂಬ.

ನಿನ್ನ ಮಗನನ್ನು ಈ ಮೇಜಿಗೆ ಕೂರಿಸಿದ್ದು ನಾನೇ. “ನಿನ್ನ ಕೈಗೆ ಹಾಕಿದ್ದೀನಿ ಕಣೋ, ನಿನ್ನ ಹಾಗೆ ಮಾಡು” ಎಂದು ನೀನು ಬಸ್ಸು ಹತ್ತಿಸಿದ್ದೆ. ಕಡ್ಡಿ ಹಿಡಿಯುವುದು ಕಲಿಸಿದೆ. ಹುಡುಗ ಚುರುಕು, ನಗುಮುಖ, ಬಾಯಿ ತುಂಬ ಮಾತು. ನಮ್ಮ ಮ್ಯಾನೇಜರಿಗೆ ‘ನೋಡೋಣ ಸಾಹೇಬರು’ ಎಂದು ಹೆಸರಿಟ್ಟಿದ್ದೇವೆ. ರಜೆ ಕೇಳಿದರೆ ನೋಡೋಣ, ಬೆನ್ನು ನೋಯುತ್ತದೆ, ಕುರ್ಚಿ ಬದಲಿಸಿ ಎಂದರೆ ನೋಡೋಣ, ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಎಂದರೂ ನೋಡೋಣ. ಅವರು ‘ಆಯ್ತಪ್ಪಾ’ ಎಂದದ್ದನ್ನು ನಾನು ಮೊದಲು ಕೇಳಿದ್ದು ನಿನ್ನ ಮಗನಿಗೆ ಹೇಳಿದಾಗ. ಹೆಮ್ಮೆಯೇ ಆಯಿತು, ಸುಳ್ಳೇಕೆ. ಆಮೇಲೆ ಬೆಳಕು ಬೀಳುವ ಕಿಟಕಿ ಪಕ್ಕದ ಜಾಗ ಅವನದಾಯಿತು. ನಮ್ಮೆಲ್ಲರ ಫೋನು ಬಾಗಿಲಲ್ಲೇ ಡಬ್ಬಿಗೆ ಬೀಳುತ್ತದೆ. ಅವನ ಕಿವಿಯಲ್ಲಿ ಮಾತ್ರ ಆ ಬಿಳಿ ಗುಂಡಿಗಳು. ಯಾಕೆಂದರೆ ಸಾಹೇಬರಿಗೆ ಆಟದ ಸ್ಕೋರು ಹೇಳುವುದು ಅವನ ಪಾಲಿನ ಸೇವೆ. ಕಿವಿಯಿಂದ ಮಾಡುವ ಕೆಲಸಕ್ಕೆ ಕಿವಿ ಮುಚ್ಚಿಕೊಂಡು ಕೂತವನು ಲೋಕದಲ್ಲಿ ಅವನೊಬ್ಬನೇ ಇರಬೇಕು. “ಅದನ್ನು ತೆಗೆಯೋ” ಎಂದೆ. “ಒಂದು ಕಿವೀದು ತೆಗ್ದಿದೀನಲ್ಲ ಮಾಮ” ಎಂದ. ನಾನು ಅವತ್ತು ಮನಸ್ಸಿನಲ್ಲೇ ಒಂದು ಪದ್ಯ ಕಟ್ಟಿದೆ: ನಕ್ಕವನಿಗೆ ಬೆಳಕು, ಮಿಕ್ಕವನಿಗೆ ಕೊಳಕು. ಗುಸುಗುಸು ಅದನ್ನು ಇಡೀ ಶೆಡ್ಡಿಗೆ ಹಂಚಿದ. ಕವಿಗೆ ಪ್ರಸಿದ್ಧಿ ಬಂತು, ಕುರ್ಚಿ ಬರಲಿಲ್ಲ.

ಮೇಜಿನ ಮುಖ್ಯಸ್ಥರು ನಿವೃತ್ತರಾದದ್ದು ಹೇಳಿದ್ದೆನಲ್ಲ. ಹೋಗುವ ದಿನ ಅವರು ತಮ್ಮ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, “ಇನ್ನು ನಿಮ್ದೇ ಕಣ್ರೀ” ಎಂದರು. ಎಲ್ಲರೂ ಹಾಗೇ ಅಂದುಕೊಂಡರು. ನನ್ನವಳು ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ಮರುದಿನ ಸಾಹೇಬರು ಬಂದು ನಿನ್ನ ಮಗನ ಹೆಗಲ ಮೇಲೆ ಕೈಯಿಟ್ಟರು. “ಹೊಸ ರಕ್ತ ಬೇಕು” ಎಂದರು. ನನ್ನ ರಕ್ತ ಹಳೆಯದಾದದ್ದು ಯಾವಾಗ ಎಂದು ಯಾರೂ ತಿಳಿಸಿರಲಿಲ್ಲ. ಸದ್ಯಕ್ಕೆ ಪರೀಕ್ಷಿಸಿ ನೋಡಲು ಕೊಟ್ಟ ಹುದ್ದೆ ಅದು. ಒಂದು ತಪ್ಪು ಸಾಬೀತಾದರೆ ಹುದ್ದೆಯೂ ಇಲ್ಲ, ಮೊದಲಿನ ಮೇಜೂ ಇಲ್ಲ, ಸೀದಾ ಗೇಟಿನ ಆಚೆ. ಇನ್ನೊಂದು ಏರ್ಪಾಡೂ ಆಯಿತು. “ಇಲ್ಲಿ ಮಾಮ ಗೀಮ ಎಲ್ಲ ಬೇಡ” ಎಂದು ಸಾಹೇಬರು ಅವನಿಗೆ ಹೇಳಿದರಂತೆ. ಈಗ ಅವನು ನನ್ನನ್ನು ‘ಇವರೇ’ ಎನ್ನುತ್ತಾನೆ, ನಾನು ಅವನನ್ನು ‘ಸರ್’ ಎನ್ನುತ್ತೇನೆ. ಸಂಜೆ ಮನೆಗೆ ಬಂದರೆ ಮತ್ತೆ ಮಾಮ. ಬಸ್ಸಿನಲ್ಲಿ ಪಕ್ಕಪಕ್ಕ ಕೂತಾಗ ಏನು ಕರೆಯಬೇಕೆಂದು ಇಬ್ಬರಿಗೂ ಗೊತ್ತಾಗದೆ ಕಿಟಕಿಯ ಆಚೆ ನೋಡುತ್ತೇವೆ.

ಇಷ್ಟಾಗಿದ್ದರೆ ನಾನು ಪದ್ಯ ಕಟ್ಟಿಕೊಂಡು ಇದ್ದುಬಿಡುತ್ತಿದ್ದೆ. ಹೋದ ವಾರ ಒಂದು ಹೋಟೆಲಿನಿಂದ ಕಪ್ಪಿನ ಪೆಟ್ಟಿಗೆಗಳು ವಾಪಸು ಬಂದವು. ಬಿಸಿ ಚಹಾ ಸುರಿದೊಡನೆ ಹಿಡಿ ಕೈಯಲ್ಲಿ, ಕಪ್ಪು ಮಡಿಲಲ್ಲಿ. ಒಬ್ಬ ಹೆಂಗಸಿನ ತೊಡೆ ಸುಟ್ಟು ಬೊಬ್ಬೆ ಬಂದಿದೆಯಂತೆ. ಪೆಟ್ಟಿಗೆಗಳ ಮೇಲೆಲ್ಲ ಹಸಿರು ಚುಕ್ಕೆ.

ಅಕ್ಕಾ, ಆ ಪೆಟ್ಟಿಗೆಗಳ ಕಪ್ಪುಗಳನ್ನು ನಾನು ತಟ್ಟಿದ್ದಲ್ಲ. ಅವನು ಮುಖ್ಯಸ್ಥನಾಗುವ ಮೊದಲು ಒಂದು ದಿನ ಅವನ ಹಳದಿ ಚುಕ್ಕೆ ಮುಗಿದಿತ್ತು. ಸ್ಟೋರಿನವನು ಸೋಮವಾರ ಬಿಟ್ಟು ಬೇರೆ ದಿನ ಹೊಸ ರೋಲು ಕೊಡುವುದಿಲ್ಲ. ನನ್ನ ಹತ್ತಿರ ಎರಡು ರೋಲಿದ್ದವು. “ಒಂದು ಕೊಡಿ ಮಾಮ, ಸೋಮವಾರ ವಾಪಸ್ ಕೊಡ್ತೀನಿ” ಎಂದ. ಯಾರ ಚುಕ್ಕೆಯನ್ನೂ ಯಾರಿಗೂ ಕೊಡಬಾರದು ಎಂಬುದು ಮೇಜಿನ ಮೊದಲ ಪಾಠ. ಅವನಿಗೆ ಕಲಿಸಿದವನೂ ನಾನೇ. ಆದರೆ ಮನೆಯಲ್ಲಿ ಸೋಪು, ಟವೆಲು, ಛತ್ರಿ ಎಲ್ಲ ಕೊಟ್ಟವನಿಗೆ ಚುಕ್ಕೆ ಕೊಡಲು ಕೈ ಹಿಂಜರಿಯಲಿಲ್ಲ. ಕೊಟ್ಟೆ. ಆಗ ಸಾಹೇಬರು ಅವನ ಬೆನ್ನ ಹಿಂದೆಯೇ ನಿಂತು ಸ್ಕೋರು ಕೇಳುತ್ತಿದ್ದರು. ನೋಡಿದರು ಕೂಡ.

ಪೆಟ್ಟಿಗೆ ಬಿಚ್ಚಿದಾಗ ಅದೇ ಸಾಹೇಬರು ಒಂದು ಮುರಿದ ಕಪ್ಪು ಎತ್ತಿ, “ಹಸಿರು ಯಾರದ್ರೀ?” ಎಂದರು. ಹೊಸದಾಗಿ ಕೇಳುವವರ ಹಾಗೆ. ಅವರ ಕಣ್ಣು ಮೊದಲು ನಿನ್ನ ಮಗನ ಮೇಲೆ ಹೋಯಿತು, ಅಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ನನ್ನ ಮೇಲೆ ಬಂದು ಕೂತಿತು. ನಾನೂ ಅವನನ್ನು ನೋಡಿದೆ. ಅವನು ಕಿವಿಯ ಗುಂಡಿ ತೆಗೆದು ಜೇಬಿಗೆ ಹಾಕಿಕೊಂಡ. ಅಷ್ಟೇ ಮಾಡಿದ. ತಪ್ಪು ಯಾರದೆಂದು ಬರೆದುಕೊಡಬೇಕೆಂಬ ನೋಟೀಸನ್ನು ಸಂಜೆ ನನ್ನ ಕೈಗೆ ತಂದುಕೊಟ್ಟವನೂ ಅವನೇ; ಮುಖ್ಯಸ್ಥನ ಕೆಲಸವಲ್ಲವೇ ಅದು. “ಇವರೇ, ಸೋಮವಾರ ಉತ್ತರ ಕೊಡ್ಬೇಕಂತೆ.” “ಆಗಲಿ ಸರ್” ಎಂದೆ. ಗುಸುಗುಸು ಕಾಗದ ಓದಿ, “ಅವತ್ತು ನೀವು ರೋಲು ಕೊಟ್ಟಿದ್ದು ನಾನೂ ನೋಡಿದೀನಿ ಮಾರಾಯ್ರೆ, ಸಾಹೇಬ್ರೂ ನೋಡಿದಾರೆ. ಬಾಯಿಬಿಡಿ!” ಎಂದು ಹುರಿದುಂಬಿಸಿದ. ಸಾಕ್ಷಿ ಹೇಳುತ್ತೀಯಾ ಎಂದೆ. “ಅಯ್ಯೋ, ನಂಗೂ ಮಕ್ಕಳು ಮರಿ ಇದಾವೆ” ಎಂದು ಚಹಾ ಕುಡಿಯಲು ಹೋದ. ಇದಕ್ಕೂ ಪದ್ಯ ಹುಟ್ಟಿತು: ಕಪ್ಪು ಒಡೆದರೆ ಚೂರು, ತಪ್ಪು ಒಡೆದರೆ ದೂರು. ಈ ಸಲ ಅವನಿಗೆ ಹೇಳಲಿಲ್ಲ.

ಚುಕ್ಕೆ ನನ್ನದು ಎಂದರೆ ನನ್ನನ್ನು ಮೇಜಿನಿಂದ ಎಬ್ಬಿಸಿ ಹಿಂದಿನ ಶೆಡ್ಡಿನಲ್ಲಿ ಹುಲ್ಲು ತುರುಕುವ ಪ್ಯಾಕಿಂಗಿಗೆ ಹಾಕುತ್ತಾರೆ. ಅಲ್ಲಿ ಕಿವಿಗೆ ಕೆಲಸವಿಲ್ಲ, ಮೂಗಿಗೆ ಧೂಳು ಬೇಕಾದಷ್ಟು. ರೋಲು ಅವನಿಗೆ ಕೊಟ್ಟಿದ್ದೆ ಎಂದರೆ ಅವನು ಗೇಟಿನ ಆಚೆ. ನನ್ನನ್ನು ನಂಬುತ್ತಾರೆಂಬ ಭರವಸೆಯೂ ಇಲ್ಲ. ‘ನೋಡೋಣ’ ಎಂದು ಇಬ್ಬರನ್ನೂ ಕಳುಹಿಸಿದರೆ? ಅವನೇ ಬಾಯಿಬಿಟ್ಟರೆ ಬೇರೆ ಮಾತು. ಅದಕ್ಕೇ ಕಾದೆ. ಶುಕ್ರವಾರ ಊಟದ ಹೊತ್ತಿಗೆ ಕಾದೆ, ನಿನ್ನೆ ಕಾದೆ. ನನ್ನವಳು ಅವನ ಮುಂದೆ ತಟ್ಟೆ ಕುಕ್ಕುತ್ತಾಳೆ, ಅನ್ನ ಮಾತ್ರ ಮೊದಲಿನಷ್ಟೇ ಬಡಿಸುತ್ತಾಳೆ. “ನೀವು ಕೇಳ್ತೀರೋ, ನಾನು ಕೇಳ್ಲೋ?” ಎಂದು ಒಳಗೆ ಬಂದು ಹಲ್ಲು ಕಡಿದಳು. ಕೈಮುಗಿದು ಸುಮ್ಮನಿರಿಸಿದೆ. ಕೇಳಿದರೆ ಅವನು ಇಲ್ಲ ಎಂದುಬಿಟ್ಟಾನೆಂದು ನನಗೆ ಭಯ. ನಾನು ಕೇಳದಿರುವಷ್ಟು ದಿನ ಅವನು ಸುಳ್ಳು ಹೇಳಿದವನಾಗುವುದಿಲ್ಲ.

ನಾನು ಕಾಲೇಜಿನಲ್ಲಿ ಪದ್ಯ ಬರೆಯುತ್ತಿದ್ದಾಗ ನೀನು ಪಕ್ಕದ ಕೋಣೆಯಲ್ಲಿ ಊರವರ ಬಟ್ಟೆಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ನನ್ನ ಪದವಿಯಲ್ಲಿ ಅರ್ಧ ನಿನ್ನ ಕಾಲಿಗೆ ಸೇರಬೇಕು; ಈಗ ಅದೇ ಮೊಣಕಾಲು ನೋಯುತ್ತಿದೆ. ಅಂಥವಳ ಮಗನ ಹೆಸರನ್ನು ಯಾವ ಕೈಯಿಂದ ಬರೆಯಲಿ? ಸಾಹೇಬರಿಗೆ ಇದು ಚೆನ್ನಾಗಿ ಗೊತ್ತು ಎನಿಸುತ್ತದೆ. ಅವರು ಅವನನ್ನು ಕಾಯುವ ಕಷ್ಟವನ್ನೂ ನನ್ನ ತಲೆಗೇ ಕಟ್ಟಿದ್ದಾರೆ.

ಕಾಲಿಗೆ ಬಿಸಿನೀರಿನ ಶಾಖ ಕೊಡು, ಮೆಟ್ಟಿಲು ಕಡಿಮೆ ಮಾಡು. ಭಾವನಿಗೆ ನಮಸ್ಕಾರ, ನಿನ್ನ ಮಗಳಿಗೆ ಆಶೀರ್ವಾದ, ಕೂಸಿನ ಎರಡು ಕೆನ್ನೆಗೂ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು.

ಕಪ್ಪು ಬಡಿಯುವ,
ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವನು ಆಟ ಮುಗಿಸಿ ಬಂದ. ನಾನು ಕೂತಿದ್ದ ಮೇಜಿನ ಮೇಲೆ ಹಸಿರು ಚುಕ್ಕೆಯ ರೋಲು ಇಟ್ಟ. “ಮಾಮ, ಇದು ನಿಮ್ದು. ಮರ್ತೇ ಹೋಗಿತ್ತು” ಎಂದು ಬಚ್ಚಲಿಗೆ ಹೋದ. ಬೆರಳಷ್ಟುದ್ದ ಉಳಿದಿದೆ. ಒಳಗೆ ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು. ಹೊರಗೆ ಬಂದವನು ಏನಾದರೂ ಹೇಳುತ್ತಾನೆಂದು ಪೆನ್ನು ಕೆಳಗಿಟ್ಟು ಕೂತೆ. “ಸಂಜೆಗೆ ಏನಿದೆ ಅತ್ತೆ?” ಎಂದು ಕೇಳಿದ. ಅದಕ್ಕೇ ನೋಟೀಸಿನ ಉತ್ತರವನ್ನೂ ಇದೇ ಪೆನ್ನಿನಲ್ಲಿ ಬರೆದು ಮುಗಿಸಿದೆ: ಚುಕ್ಕೆ ನನ್ನದು. ಅದು ಸುಳ್ಳಲ್ಲ. ಈ ಕಾಗದ ನಿನ್ನ ಕೈಗೆ ಬರುವಾಗ ನಾನು ಹುಲ್ಲಿನ ಶೆಡ್ಡಿನಲ್ಲಿರುತ್ತೇನೆ, ಆದ್ದರಿಂದ ಅವನಿಗೆ ಫೋನ್ ಮಾಡಿ ಬೈಯಬೇಡ, ಏನನ್ನೂ ಕೇಳಬೇಡ. ನಿನ್ನಿಂದ ಆಗಬೇಕಾದದ್ದು ಒಂದೇ. ಬೇರೆ ಕೋಣೆ ನೋಡಿಕೊಳ್ಳಲು ನೀನೇ ಅವನಿಗೆ ಹೇಳು. ಹಗಲಿನ ಶೆಡ್ಡನ್ನು ಹೇಗೋ ತಡೆದುಕೊಳ್ಳುತ್ತೇನೆ. ಸಂಜೆ ಎದುರುಬದುರು ಕೂತು ಉಣ್ಣುವುದು ನನ್ನಿಂದ ಆಗದು, ಹೋಗು ಎನ್ನಲೂ ಬಾಯಿ ಬಾರದು. ಕಾರಣ ಕೇಳಿದರೆ ಮಾಮನ ಗೊರಕೆ ಜಾಸ್ತಿಯಾಗಿದೆ ಎನ್ನು. ಅದೂ ಸುಳ್ಳಲ್ಲ.