ಗಲ್ಲಾದಲ್ಲಿ ಕುಳಿತ ಭಾವ

ಫತೇಗಂಜ್, ವಡೋದರಾ
೧೪ ಜುಲೈ ೧೯೯೪, ಗುರುವಾರ

ಹೋಟೆಲಿನ ಜಾಗ ಖಾಲಿ ಮಾಡಿಸಲು ಮಾಲೀಕ ಜಯಂತಿಭಾಯಿ ಹಾಕಿದ ದಾವೆ ಇವತ್ತು ಕೋರ್ಟಿಗೆ ಬಂತು. ನಾನು ಒಳಬಾಡಿಗೆಗೆ ಕೊಟ್ಟಿದ್ದೇನಂತೆ. ಯಾರಿಗೆ? ನನ್ನ ಹೆಂಡತಿಯ ಅಣ್ಣ ವಾದಿರಾಜ ಭಾವನಿಗೆ.

ಅಮ್ಮ ಹಾಸಿಗೆ ಹಿಡಿದಾಗ ನಾನು ಕುಂದಾಪುರಕ್ಕೆ ಹೋಗಿದ್ದೆ, ಗಲ್ಲಾದಲ್ಲಿ ಭಾವ ಕೂತಿದ್ದರು. ನಿಜ. ಆದರೆ “ನಿಶ್ಚಿಂತೆಯಿಂದ ಹೋಗಿ, ನಿಮ್ಮವರೇ ಇದ್ದಾರಲ್ಲ” ಎಂದು ಕಳಿಸಿದ್ದು ಇದೇ ಜಯಂತಿಭಾಯಿ. ಇವತ್ತು ಕೋರ್ಟಿನ ಜಗಲಿಯಲ್ಲೂ “ಅಮ್ಮ ಹೇಗಿದ್ದಾರೆ ಶೆಟ್ಟಿಜೀ?” ಎಂದು ಕೇಳಿದರು. ಈ ಮನುಷ್ಯನನ್ನು ಏನೆಂದು ತಿಳಿಯುವುದು?

“ಇನ್ನು ಗಲ್ಲಾದಲ್ಲಿ ನೀವೊಬ್ಬರೇ ಕೂತ್ಕೊಳ್ಳಿ, ಬೇರೆಯವರು ಕಂಡರೆ ಕೇಸು ಕೆಡುತ್ತೆ” ಎಂದರು ನಮ್ಮ ವಕೀಲರು. ತಲೆಯಾಡಿಸಿ ಬಂದೆ.

ಈಗ ಹೊಳೆಯುತ್ತಿದೆ. ನಾನು ದಿನವಿಡೀ ಕೋರ್ಟಿನಲ್ಲಿದ್ದೆ. ಹೋಟೆಲು ತೆರೆದೇ ಇತ್ತು. ಗಲ್ಲಾದಲ್ಲಿ ಇದ್ದದ್ದು ಭಾವನೇ. ಮುಂದಿನ ತಾರೀಖಿಗೆ ಕೋರ್ಟಿಗೆ ಹೋಗಲೋ, ಗಲ್ಲಾದಲ್ಲೇ ಕೂರಲೋ?