ಸಾಲಿಗೆ ಎರಡೇ ಸೀಟು

ಭಾನುವಾರ, ಮೇ ೧೪

ಪ್ರೀತಿಯ ಅಕ್ಕ,

ನಿನ್ನ ಕಾಗದಗಳೆಲ್ಲ ಸೇರಿವೆ. ಉತ್ತರ ಬರೆಯಲಿಲ್ಲವೆಂದು ಭಾವನ ಮುಂದೆ ನನಗೆ ಎಷ್ಟು ಮಂಗಳಾರತಿ ಮಾಡಿರುತ್ತೀ ಎಂಬುದು ಇಲ್ಲಿಗೇ ಕೇಳಿಸುತ್ತಿದೆ. ಮಾಡು, ನಿನಗೆ ಹಕ್ಕಿದೆ. ಕೆಲಸ ಜಾಸ್ತಿ ಎಂದು ಸುಳ್ಳು ಹೇಳುವುದಿಲ್ಲ. ಏನು ಬರೆಯಬೇಕೆಂದು ತೋಚದೆ ಸುಮ್ಮನಿದ್ದೆ. ಭಾವನ ಹಲ್ಲಿನ ಸೆಟ್ಟು ಸಡಿಲವಾಗಿದೆ ಎಂದಿದ್ದೀಯಲ್ಲ, ಯಾರ ಕೈಯಲ್ಲಾದರೂ ಕಳಿಸು. ಭಾಮೈದ ಹಲ್ಲಿನ ಸೆಟ್ಟು ಮಾಡುವವನಾಗಿದ್ದೂ ಅವರು ಬ್ರೆಡ್ಡು ನೆನೆಸಿ ತಿನ್ನುವುದೆಂದರೆ ನನ್ನ ಮಾನ ಏನಾಗಬೇಕು?

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಹೌದು, ನಾವು ಗಂಡ ಹೆಂಡತಿ ಬೇರೆಯಾಗುವುದು ಖಚಿತವಾಯಿತು. ಯಾರೂ ಕೂಗಾಡಲಿಲ್ಲ, ಪಾತ್ರೆ ಎಸೆಯಲಿಲ್ಲ. ಮಾತು ಸವೆದು ಸವೆದು 'ಹಾಲು ತಂದ್ಯಾ', 'ಬಾಗಿಲು ಹಾಕಿದ್ಯಾ' ಎಂಬಲ್ಲಿಗೆ ಬಂದು ನಿಂತಿತು. ಅವಳು ಕೆಲಸ ಮಾಡುವ ರೈಲು ಟಿಕೆಟ್ ಕೌಂಟರಿನ ಹತ್ತಿರವೇ ಅವಳಿಗೆ ಮನೆ ಸಿಕ್ಕಿದೆ. ತೀರ್ಮಾನವಾಗದೆ ಉಳಿದಿರುವುದು ಒಂದೇ, ಚಿಟಿಕೆ ಯಾರ ಜೊತೆ ಇರಬೇಕು ಎಂಬುದು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ನೀನೇ ಇಟ್ಟ ಹೆಸರು. ಈಗ ಹನ್ನೊಂದು ತುಂಬಿ ನನ್ನ ಭುಜಕ್ಕೆ ಬಂದಿದ್ದಾಳೆ. ಮಂಗಳವಾರ ಕೋರ್ಟಿನ ಕೌನ್ಸೆಲರ್ ಮೇಡಂ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳುತ್ತಾರಂತೆ. ನಮಗೆ ಮೊದಲೇ ತಾಕೀತು ಮಾಡಿದ್ದಾರೆ: "ಮಗೂನ ಯಾರೂ ನಿಮ್ಮ ಕಡೆ ಎಳೀಬೇಡಿ. ಆಸೆ ತೋರಿಸ್ಬೇಡಿ, ಅವಳ ಮುಂದೆ ಅಳಬೇಡಿ. ಅವಳೇ ಹೇಳ್ಲಿ." ಇಬ್ಬರೂ ತಲೆಯಾಡಿಸಿ ಬಂದೆವು.

ನನಗೆ ಅವಳು ಬೇಕು ಅಕ್ಕ. ನಿನ್ನೊಬ್ಬಳ ಹತ್ತಿರ ಬಾಯಿಬಿಟ್ಟು ಹೇಳುತ್ತಿದ್ದೇನೆ. ಶಾಲೆ ಬಿಟ್ಟೊಡನೆ ನೇರ ನನ್ನ ಅಂಗಡಿಗೆ ಬರುತ್ತಾಳೆ. ಉಳಿದ ಮೇಣದಲ್ಲಿ ನಾಯಿಮರಿ ಮಾಡುತ್ತಾಳೆ. ಒಣಗಲು ಇಟ್ಟ ಪ್ಲಾಸ್ಟರಿನ ದವಡೆಗಳಿಗೆಲ್ಲ ಅಡ್ಡಹೆಸರಿಟ್ಟು ಒಂದಕ್ಕೊಂದು ಜಗಳ ಹಚ್ಚುತ್ತಾಳೆ. ಅವಳಿಲ್ಲದೆ ಆ ದವಡೆಗಳ ನಡುವೆ ನಾನೊಬ್ಬನೇ ಕೂರುವುದನ್ನು ನೆನೆದರೆ ಸೆಟ್ಟು ನಯಮಾಡುವ ಅರ ಕೈಯಲ್ಲೇ ನಿಂತುಬಿಡುತ್ತದೆ. ಅವಳಮ್ಮನಿಗೂ ಇದೇ ಸಂಕಟ. ಹೊಸ ಮನೆಗೆ ಮೊದಲು ತಂದ ಸಾಮಾನು ಮಗಳಿಗೆ ಓದುವ ಮೇಜು. "ಅವಳಿಗೆ ಹೇಳ್ಬೇಡ, ಎಳೆದ ಹಾಗಾಗುತ್ತೆ" ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾಳೆ.

ನಿನ್ನೆ ಮೂವರೂ ರೋಲರ್ ಕೋಸ್ಟರ್ ಹತ್ತಲು ಹೋಗಿದ್ದೆವು. ಪರೀಕ್ಷೆ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ಹೋಗುತ್ತೇವಲ್ಲ, ಈ ಸಲ ತಪ್ಪಿಸುವುದು ಬೇಡ ಎಂದುಕೊಂಡೆವು. ಅಲ್ಲಿ ಸಾಲಿಗೆ ಎರಡೇ ಸೀಟು, ನಾವೋ ಮೂವರು. ಒಬ್ಬರು ಗುರುತಿಲ್ಲದವರ ಪಕ್ಕ ಕೂರಲೇಬೇಕು. ಹಾಗೆ ಕೂತವರಿಗೆ ಇಳಿದ ಮೇಲೆ ಎರಡು ಐಸ್‌ಕ್ರೀಮ್, ಇದು ನಮ್ಮ ಮನೆಯ ಕಾನೂನು. ಆದರೂ ಆ ಐಸ್‌ಕ್ರೀಮ್ ಯಾರಿಗೂ ಬೇಕಿರಲಿಲ್ಲ. ಎತ್ತಿ ಒಗೆಯುವ ಹಿಂದಿನ ಸೀಟು ನನಗಿಷ್ಟ. ದಿನವಿಡೀ ಊರವರಿಗೆಲ್ಲ ಕಿಟಕಿ ಪಕ್ಕ ಹಂಚುವ ನನ್ನವಳಿಗೆ ಕುಲುಕಾಟ ಕಡಿಮೆಯಿರುವ ನಡುವಿನದೇ ಆಗಬೇಕು. "ನನ್ ಪಕ್ಕ!" "ಇಲ್ಲ, ನನ್ ಪಕ್ಕ!" ಎಂದು ಪ್ರತಿ ವರ್ಷ ಚಿಟಿಕೆಯ ಒಂದೊಂದು ಕೈ ಹಿಡಿದು ಜಗ್ಗುತ್ತಿದ್ದೆವು. ಅವಳು ನಡುವೆ ನೇತಾಡುತ್ತ ಕಿಲಕಿಲ ನಗುತ್ತಿದ್ದಳು.

ಈ ಸಲ ನಾವು ಜಗ್ಗಲಿಲ್ಲ. ಗೇಟಿನವನು "ಬೇಗ ಹೇಳಿ, ಯಾರ ಜೊತೆ ಯಾರು?" ಎಂದ.

"ನೀನು ಅಮ್ಮನ ಜೊತೆ ಕೂತ್ಕೋ ಪುಟ್ಟ," ಎಂದೆ.

"ಬೇಡ, ಅಪ್ಪನ ಜೊತೆ ಕೂತ್ಕೊಳ್ಲಿ. ನಂಗೇನೂ ಬೇಜಾರಿಲ್ಲ."

"ನಂಗೂ ಇಲ್ಲ. ಒಬ್ನೇ ಆರಾಮಾಗಿ ಕೂತ್ಕೋತೀನಿ."

"ನಾನೂ ಆರಾಮಾಗೇ ಇರ್ತೀನಿ."

ಚಿಟಿಕೆ ಅವಳಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನೀವಿಬ್ರೇ ಕೂತ್ಕೊಳ್ಳಿ," ಎಂದವಳೇ ಮುಂದಿನ ಸಾಲಿಗೆ ಹೋಗಿ, ಕನ್ನಡಕ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದ ಯಾರೋ ಹೆಂಗಸಿನ ಪಕ್ಕ ಕೂತುಬಿಟ್ಟಳು.

ನಾವು ನಡುವಿನ ಸಾಲಿನಲ್ಲಿ ಕೂತೆವು. ಇಬ್ಬರ ತೊಡೆಯ ಮೇಲೂ ಒಂದೇ ಸರಳು ಇಳಿಯಿತು. ಇಳಿಜಾರಿನಲ್ಲಿ ನನ್ನವಳು ಗಬಕ್ಕನೆ ನನ್ನ ಮಣಿಕಟ್ಟು ಹಿಡಿದಳು, ಮರುಕ್ಷಣವೇ "ಸಾರಿ" ಎಂದು ಬಿಟ್ಟಳು. ಅಕ್ಕ, ಕೈ ಹಿಡಿದು ಮದುವೆಯಾದವಳು ಕೈ ಹಿಡಿದದ್ದಕ್ಕೆ ಸಾರಿ ಕೇಳಿದಳು. ನನಗೆ ಅಳು ಬಂತು. ಯಾಕೆಂದು ಕೇಳಿದ್ದರೆ ಗಾಳಿಗೆ ಎನ್ನುತ್ತಿದ್ದೆ, ಅವಳು ಕೇಳಲಿಲ್ಲ. ಮುಂದೆ ಎಲ್ಲರೂ ಕೈ ಮೇಲೆತ್ತಿ ಕಿರುಚುತ್ತಿದ್ದರು. ಚಿಟಿಕೆಯ ಕೈ ಮಾತ್ರ ಕಾಣಲಿಲ್ಲ. ಇಳಿದ ಮೇಲೆ ಐಸ್‌ಕ್ರೀಮ್ ಬೇಡವೆಂದಳು.

ಮನೆಗೆ ಬಂದು ಅವಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೂ ಬೆನ್ನು ತಟ್ಟಿಕೊಂಡೆವು. "ಯಾರೂ ಎಳೀಲಿಲ್ಲ, ಅಲ್ವಾ?" ಎಂದೆ. "ನಮ್ಮನ್ನ ಒಟ್ಟಿಗೆ ಕೂರಿಸೋಕೆ ಹೊಂಚು ಹಾಕಿದ್ಲು ಕಳ್ಳಿ," ಎಂದಳು ನನ್ನವಳು. ಎಷ್ಟೋ ಕಾಲದ ಮೇಲೆ ಜೊತೆಯಾಗಿ ನಕ್ಕೆವು. ಮಗಳು ದೊಡ್ಡವಳಾಗಿಬಿಟ್ಟಳು ಅನ್ನಿಸಿತು.

ಭಾವನಿಗೆ ನನ್ನ ನಮಸ್ಕಾರ, ನಿನ್ನ ಮೊಮ್ಮಗುವಿನ ಎರಡೂ ಕೆನ್ನೆಗೆ ಮುತ್ತು. ನಿನ್ನ ಆಶೀರ್ವಾದವನ್ನೆಲ್ಲ ಮಂಗಳವಾರ ಚಿಟಿಕೆಯ ತಲೆಯ ಮೇಲಿಡು, ಮಿಕ್ಕಿದ್ದರೆ ನನಗೂ ಸ್ವಲ್ಪ.

ಇಂತಿ ನಿನ್ನ
ತಮ್ಮ

ತಾ.ಕ.: ಬುಧವಾರ. ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ. ನಿನ್ನೆ ಚಿಟಿಕೆ ಒಳಗೆ ಹೋದವಳು ಬೇಗನೆ ಹೊರಗೆ ಬಂದಳು. ಆಮೇಲೆ ಮೇಡಂ ನಮ್ಮನ್ನು ಕರೆದು, ಅವಳು ತನ್ನನ್ನು ಹಾಸ್ಟೆಲ್‌ಗೆ ಸೇರಿಸಿ ಎಂದಳು ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದನ್ನು ಹಾಗೆಯೇ ಓದಿದರು: "ಅಪ್ಪ ಅಮ್ಮನ ಹತ್ರ ಹೋಗು ಅಂತಾನೆ, ಅಮ್ಮ ಅಪ್ಪನ ಹತ್ರ ಹೋಗು ಅಂತಾಳೆ. ಮೊದ್ಲು ನಾನು ಇಬ್ರಿಗೂ ಬೇಕಿದ್ದೆ. ಈಗ ನಾನಿಲ್ದಿದ್ರೇನೇ ಇಬ್ರಿಗೂ ಆರಾಮಂತೆ."

ಇಬ್ಬರೂ ಎದ್ದು ಹೊರಗೆ ಓಡಿದೆವು. ಅವಳು ಬೆಂಚಿನ ತುದಿಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. "ನೀನು ನಂಗೆ ಬೇಕು ಕಣೇ, ನನ್ ಜೊತೆ ಬಾ," ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ನಾನು ಅಳುತ್ತಿದ್ದೆ, ಅವಳಮ್ಮನೂ ಅಳುತ್ತಿದ್ದಳು. ಚಿಟಿಕೆ ಮೆಲ್ಲಗೆ ಕೇಳಿದಳು: "ಹಾಗೆ ಹೇಳಿ ಅಂತ ಮೇಡಂ ಹೇಳಿದ್ರಾ?"