ಬಾಂಗಡಾ ಮೀನಿನ ಹೇನು

೧೦ ನವೆಂಬರ್ ೨೦೨೪, ಭಾನುವಾರ

ಪೇಪರ್ ತಿದ್ದುವುದು ಅರ್ಧಕ್ಕೇ ಬಿಟ್ಟು ಮೀನು ಮಾರ್ಕೆಟ್ಟಿಗೆ ಹೋದೆ. ಸಮುದ್ರದ ಮೀನು ಮಾರುವ ಮುದುಕಮ್ಮನ ಮುಂದೆ ಒಬ್ಬ ಗಿರಾಕಿಯೂ ಇಲ್ಲ. ಗಂಗಾವತಿಯಲ್ಲಿ ಭಾನುವಾರ ಈ ಹೊತ್ತಿಗೆ ಅವಳ ಐಸ್ ಬಾಕ್ಸ್ ಖಾಲಿಯಾಗಿರಬೇಕಿತ್ತು. ಬಾಂಗಡಾದ ಮೈಮೇಲೆ ಹುಳ ಇದೆಯೆಂದು ಯಾರೋ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದ್ದಾರೆ. ತಿಂದರೆ ಹೊಟ್ಟೆಯಲ್ಲಿ ಬೆಳೆಯುತ್ತದಂತೆ. ಕಾರವಾರದಿಂದ ಬಂದ ಮಾಲು ಹಾಗೇ ಉಳಿದಿದೆ. ಹೊಳೆಮೀನು ಮಾರುವವರೂ ದೂರ ಸರಿದು ಕೂತಿದ್ದಾರೆ.

"ನೀವು ಹುಳದ ಬಗ್ಗೆ ಓದೀರಂತ. ಇದೇನಂತ ಹೇಳ್ರಿ ಮೇಡಂ. ಕೆಟ್ಟದ್ದಿದ್ರ ನಾನ ಒಯ್ದು ಹುಗೀತೀನಿ, ಮಂದಿ ಹೊಟ್ಟಿಗೆ ಹಾಕಂಗಿಲ್ಲ," ಅಂದಳು.

ಮೀನಿನ ಮೈಯಿಂದ ಎರಡು ಹುಳ ಕಿತ್ತು ಸೀಸೆಗೆ ಹಾಕಿಕೊಂಡು ಬಂದೆ. ಎಳ್ಳಿಗಿಂತ ತುಸು ದೊಡ್ಡವು. ನೋಡಿದ ಕೂಡಲೇ ಗುರುತು ಸಿಕ್ಕಂತಾಯಿತು. ಖಾತ್ರಿಯಿಲ್ಲ. ಇವುಗಳನ್ನು ಮುಟ್ಟಿ ಇಪ್ಪತ್ತು ವರ್ಷದ ಮೇಲಾಯಿತು...

೧೧ ನವೆಂಬರ್

ಕಾಲೇಜಿನ ಲ್ಯಾಬ್. ಪಿಯು ಮಕ್ಕಳಿಗೆ ಈರುಳ್ಳಿ ಸಿಪ್ಪೆ ತೋರಿಸುವ ಮೈಕ್ರೋಸ್ಕೋಪು. ಚಪ್ಪಟೆ ಮೈ, ಗುರಾಣಿಯಂಥ ಬೆನ್ನು, ಹಿಂದೆ ಜೋತುಬಿದ್ದ ಎರಡು ದಾರ — ಮೊಟ್ಟೆಯ ಸರ. ಸಮುದ್ರದ ಹೇನೇ.

ಕಾರವಾರ ನೆನಪಾಯಿತು. ಬೋಟು ಬರುವ ಹೊತ್ತಿಗೆ ಬಂದರಿನಲ್ಲಿ ನಾನು, ಗೆಳತಿ ರಂಜಿತಾ ಚಿಮಟ ಹಿಡಿದು ನಿಂತಿರುತ್ತಿದ್ದೆವು. ಎಲ್ಲರೂ ಮೀನು ಆರಿಸಿದರೆ ಈ ಹುಡುಗಿಯರು ಹೇನು ಆರಿಸುತ್ತಾರೆಂದು ಮೀನು ಮಾರುವ ಹೆಂಗಸರಿಗೆ ನಗು. ರಂಜಿತಾ ಬೇವೂರಿನವಳು. ಎಮ್ಮೆಸ್ಸಿಗೆ ಹೋಗುವ ತನಕ ಇಬ್ಬರೂ ಸಮುದ್ರ ಕಂಡವರಲ್ಲ. ಮೊದಲ ದಿನ ದಂಡೆಯಲ್ಲಿ ನಿಂತು ಅವಳು ಕೇಳಿದ್ದು: "ಇಷ್ಟು ನೀರು ಇಟಗೊಂಡು ನಮ್ಮೂರಿಗೆ ಒಂದು ಕೊಡ ಕಳಸಾಕ ಏನಾಗಿತ್ತು ಇದಕ್ಕ?" ಅವಳ ಅವ್ವ ಕಳಿಸಿದ ಕಟಕ ರೊಟ್ಟಿ, ಮೆಸ್ಸಿನ ಮೀನುಸಾರು, ಕೈಯಿಂದ ಎಂದೂ ಹೋಗದ ಫಾರ್ಮಲಿನ್ ವಾಸನೆ...

ಆಮೇಲೆ ಊರಲ್ಲಿ ನಮ್ಮ ಅಬ್ಬಾ ಹಾಸಿಗೆ ಹಿಡಿದರು. ರಿಸರ್ಚ್ ಬಿಟ್ಟು ಊರಿಗೆ ಬಂದೆ. ಅವಳು ಮದುವೆಯಾಗಿ ಕುಷ್ಟಗಿಯಲ್ಲಿ ಹೈಸ್ಕೂಲ್ ಟೀಚರ್ ಆದಳು.

ಮಂದಿ ಉಣ್ಣುವ ವಿಷಯ. ನಾನೊಬ್ಬಳೇ ಹೇಳುವ ಧೈರ್ಯವಿಲ್ಲ. ಅವಳಿಗೆ ಫೋನ್ ಮಾಡಬೇಕು. ನಂಬರ್ ಅದೇ ಇದೆಯೋ ಇಲ್ಲವೋ.

೧೩ ನವೆಂಬರ್

ಸಿಕ್ಕಳು. "ಅಫ್ಸಾನಾ, ಇನ್ನೂ ಹೇನು ಬಿಟ್ಟಿಲ್ಲೇನು?" ದನಿ ಅದೇ. ಫೋಟೋ ಕಳಿಸುತ್ತೇನೆ ಅಂದೆ. ಬೇಡ, ನಾನೇ ಬರುತ್ತೇನೆ ಅಂದಳು. ಒಂದು ಬಸ್ಸಿನ ದಾರಿ. ಇಷ್ಟು ಹತ್ತಿರವಿದ್ದೂ ಇಷ್ಟು ವರ್ಷ...

ಹುಳ ಏನೆಂದು ಭಾನುವಾರದೊಳಗೆ ತಿಳಿಯದಿದ್ದರೆ ಸಮುದ್ರದ ಮೀನು ಇಲ್ಲಿ ತರುವುದೇ ಬೇಡ ಎಂದು ಉಳಿದ ವ್ಯಾಪಾರಿಗಳು ಮುದುಕಮ್ಮನಿಗೆ ಹೇಳಿದ್ದಾರೆ.

೧೬ ನವೆಂಬರ್, ಶನಿವಾರ

ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೇ ನಿಂತಿದ್ದೆ. ರಂಜಿತಾ ನನ್ನನ್ನು ದಾಟಿ ಹೋದಳು. ಕರೆದಾಗ ದನಿ ಬಂದ ಕಡೆ ತಿರುಗಿ ಕೈ ಚಾಚಿದಳು. ಶುಗರ್. ಎರಡೂ ಕಣ್ಣಿನಲ್ಲಿ ನಡುವೆ ಮಸುಕು, ಅಂಚಿನಲ್ಲಷ್ಟೇ ಕಾಣುತ್ತದೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂದೆ.

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

ಲ್ಯಾಬಿನಲ್ಲಿ ಸ್ಟೂಲ್ ಎಳೆದುಕೊಂಡು ಪಕ್ಕ ಕೂತಳು. "ನೀ ನೋಡಿ ಹೇಳು. ಅವಸರ ಮಾಡಬ್ಯಾಡ. ಹಣಿಯಿಂದ ಶುರು ಮಾಡು."

ಹಣೆಯ ಅಂಚಿನಲ್ಲಿ ಸಣ್ಣ ಅರ್ಧಚಂದ್ರ ಅಂದೆ.

"ಖರೇನಾ? ಎರಡೂ ಕಡೆ?"

"ಎರಡೂ ಕಡೆ."

ಮೆಲ್ಲಗೆ ಅದರ ಕುಲದ ಹೆಸರು ಹೇಳಿದಳು: "ಕ್ಯಾಲಿಗಸ್." ಎಷ್ಟೋ ವರ್ಷದ ಮೇಲೆ ನೆಂಟರು ಬಾಗಿಲಿಗೆ ಬಂದಂತೆ. ಒಂದೊಂದೇ ಕಾಲು, ಕಾಲಿನ ಮುಳ್ಳು, ಕೂದಲು ಕೇಳುತ್ತಾ ಹೋದಳು. ನಾನು ಹೇಳುತ್ತಾ ಹೋದೆ. ಕೀಳುವಾಗ ಎರಡರ ಕೊನೆಯ ಕಾಲೂ ಮುರಿದಿತ್ತು. ಕುಲ ಸಿಕ್ಕಿತು, ಅದರಲ್ಲಿ ಯಾವ ಬಗೆಯದೆಂದು ತಿಳಿಯಲಿಲ್ಲ. ಅದಕ್ಕೇ ಜಗಳ ಆಡಿದೆವು, ಹಾಸ್ಟೆಲಿನಲ್ಲಿ ಆಡುತ್ತಿದ್ದ ಹಾಗೇ. ಮೀನಿನ ಚರ್ಮ, ಲೋಳೆ ತಿಂದು ಬದುಕುವ ಜೀವ, ಮನುಷ್ಯರ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ — ಇದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡೆ. ನಾನು ಅಳುವುದು ಅವಳಿಗೆ ಕೇಳಿಸಬಾರದಿತ್ತು.

೧೭ ನವೆಂಬರ್, ಭಾನುವಾರ

ಪ್ರಿನ್ಸಿಪಾಲರನ್ನು ಕೇಳಿ ಮೈಕ್ರೋಸ್ಕೋಪನ್ನು ಮಾರ್ಕೆಟ್ಟಿಗೇ ಒಯ್ದೆವು. ಮೊದಲು ಮುದುಕಮ್ಮ ನೋಡಿದಳು. ಆಮೇಲೆ ವ್ಯಾಪಾರಿಗಳು, ಗಿರಾಕಿಗಳು. ರಂಜಿತಾ ಕ್ಲಾಸ್ ತೆಗೆದುಕೊಳ್ಳುವ ದನಿಯಲ್ಲಿ, "ಎಮ್ಮಿ ಮೈಮ್ಯಾಲ ಉಣ್ಣಿ ಇರ್ತೈತಿ. ಅದಕ್ಕ ಹಾಲು ಬಿಟ್ಟೀರೇನ್ರಿ? ಇದು ಮೀನಿನ ಉಣ್ಣಿ. ಛಲೋತ್ನ್ಯಾಗ ತೊಳದು, ಬೇಯಿಸಿ ಉಣ್ರಿ," ಅಂದಳು.

ಕೆಲವರು ಕೊಂಡರು. ಕೆಲವರು ತಲೆಯಾಡಿಸಿ ಹೋದರು. ಮಧ್ಯಾಹ್ನಕ್ಕೆ ಆ ದಿನ ಬಂದ ಮಾಲಿನ ಬಾಕ್ಸ್ ಅರ್ಧ ಇಳಿದಿತ್ತು. ತರುವುದು ಬೇಡವೆಂಬ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮುದುಕಮ್ಮ ರಂಜಿತಾಳ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಬಸ್ ಹತ್ತುವಾಗ ರಂಜಿತಾ ಅಂದಳು: "ಕಣ್ಣಾಗ ಉಳದದ್ದೂ ಹೋಗ್ತೈತಿ ಅಂದಾರ ಡಾಕ್ಟರು. ಅದಕ್ಕಿಂತ ಮೊದಲ ಒಮ್ಮಿ ಕಾರವಾರಕ್ಕ ಹೋಗೂಣು."

೨೮ ಡಿಸೆಂಬರ್, ಕಾರವಾರ, ಸಂಜೆ

ಮರಳಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾವಿದ್ದ ಹಾಸ್ಟೆಲ್ ಬೀದಿಯ ಗುರುತೇ ಸಿಗಲಿಲ್ಲ. ನನಗೆ ಬೇಜಾರಾಯಿತು, ಅವಳಿಗಿಲ್ಲ. ನೇರ ನೋಡಿದರೆ ಸಮುದ್ರ ಕಾಣುವುದಿಲ್ಲವಂತೆ. ಮುಖ ಪಕ್ಕಕ್ಕೆ ತಿರುಗಿಸಿ ನೋಡುತ್ತಾಳೆ, ಮುನಿಸಿಕೊಂಡವಳ ಹಾಗೆ.

ಈಗ ಎದ್ದಳು. ಸೀರೆ ಎತ್ತಿ ಕಟ್ಟಿದಳು. ಮೊಣಕಾಲ ತನಕ ನೀರಿಗಿಳಿದಿದ್ದಾಳೆ. ಬರೆದದ್ದು ಸಾಕು ಬಾ ಎಂದು ಕೂಗುತ್ತಿದ್ದಾಳೆ. ದೊಡ್ಡ ಅಲೆ ಬರುತ್ತಿದೆ, ಅವಳಿಗೆ ಕಂಡಿದೆಯೋ ಇಲ್ಲವೋ — ನಗುತ್ತಿದ್ದಾಳೆ. ಚಪ್ಪಲಿ ಬಿಟ್ಟು ನಾನೂ ನೀರಿಗೆ...